ಭಟ್ಟರು ಬಿಲ್ಲು ಹಿಡಿದದ್ದು

ಕೊಡಗಿನಲ್ಲಿ ಕೋವಿ ಹಿಡಿದು ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಬಿಲ್ಲು ಹಿಡಿದು ಹೊರಟರೆ, ಅದೂ ದೇವಸ್ಥಾನದ ಭಟ್ಟ ಹೊರಟರೆ, ಬಸ್ಸೂ ನಿಲ್ಲುತ್ತದೆ. ಐವತ್ತೆರಡನೇ ವಯಸ್ಸಿನಲ್ಲಿ ನಾನು ಬಿಲ್ವಿದ್ಯೆ ಕಲಿಯಲು ಹೊರಟಾಗಿನಿಂದ ನನಗೆ ಏನಾದರೊಂದು ಆಗುತ್ತಲೇ ಇದೆ. ಹೆಚ್ಚಿನವನ್ನು ಹೆಂಡತಿಗೆ ಹೇಳಿಲ್ಲ. ಅವಳಿಗೆ ಹೇಗೋ ಗೊತ್ತಾಗುತ್ತದೆ.

೧. ಕಾಲಿಗೆ ಬಿದ್ದ ಬಾಣ

ಶುರುವಾದದ್ದು ಕಕ್ಕಬೆಯ ಒಂದು ಹೋಂಸ್ಟೇಯಲ್ಲಿ. ಗಣಹೋಮ ಮುಗಿಸಿ ಕಾಫಿ ಕುಡಿಯುತ್ತಿದ್ದೆ. ಅಂಗಳದಲ್ಲಿ ಅತಿಥಿಗಳಿಗೆಂದು ಬಿದಿರಿನ ಬಿಲ್ಲು ಇಟ್ಟಿದ್ದರು. ಪ್ರವಾಸಕ್ಕೆ ಬಂದ ಹುಡುಗಿಯೊಬ್ಬಳು ಸಲೀಸಾಗಿ ಹೊಡೆಯುತ್ತಿದ್ದಳು. "ಭಟ್ರೇ, ನೀವೂ ಒಂದು ಕೈ ನೋಡಿ" ಎಂದರು ಮನೆಯವರು.

ಪಂಚೆ ಎತ್ತಿ ಕಟ್ಟಿದೆ. ಉಸಿರು ಬಿಗಿಹಿಡಿದು ಎಳೆದೆ. ಬಿಟ್ಟೆ. ಹೆದೆ ಟಂಯ್ ಎಂದಿತು. ದೂರದ ಗುರಿಹಲಗೆಯಲ್ಲಿ ಕಣ್ಣು ನೆಟ್ಟು ಬಾಣ ಹುಡುಕಿದೆ, ಎಲ್ಲೂ ಇಲ್ಲ. ಆ ಹುಡುಗಿ ಮೆಲ್ಲಗೆ ಹೇಳಿದಳು:

"ಅಂಕಲ್, ಅದು ನಿಮ್ಮ ಕಾಲಿಗೆ ಬಿದ್ದಿದೆ. ಆಶೀರ್ವಾದ ಮಾಡಿಬಿಡಿ."

೨. ಏನು ಕಾಣುತ್ತೆ?

ಆ ಅವಮಾನವೇ ನನ್ನನ್ನು ಗುರುವಿನ ಹತ್ತಿರ ಎಳೆದೊಯ್ದದ್ದು. ನಮ್ಮೂರ ಕಾಫಿ ಎಸ್ಟೇಟಿನ ಕೂಲಿಕಾರರ ಲೈನ್‌ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಬಿದಿರು ಸೀಳಿ ಬಿಲ್ಲು ಕಟ್ಟುವುದರಲ್ಲಿ ಎತ್ತಿದ ಕೈ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಒಂದು ವಾರ ಬಾಣವನ್ನೇ ಕೊಡಲಿಲ್ಲ, ಬರೀ ಹೆದೆ ಎಳೆಸಿದರು. ಎಂಟನೇ ದಿನ ಬಾಣ ಕೈಗಿಟ್ಟು, ಬಾಳೆದಿಂಡಿನ ಗುರಿ ತೋರಿಸಿ ಕೇಳಿದರು: "ಏನು ಕಾಣುತ್ತೆ?"

ನನಗೆ ರೋಮಾಂಚನವಾಯಿತು. ಬಿಲ್ಲುಗಾರನಿಗೆ ಗುರಿಯೊಂದೇ ಕಾಣಬೇಕು ಎಂದು ಪ್ರವಚನದಲ್ಲಿ ನಾನೇ ಎಷ್ಟು ಸಲ ಹೇಳಿಲ್ಲ! ಎದೆಯುಬ್ಬಿಸಿ ಹೇಳಿದೆ: "ಗುರಿ ಮಾತ್ರ ಅಜ್ಜಾ. ಬೇರೇನೂ ಕಾಣುವುದಿಲ್ಲ."

"ಬೇರೇನೂ?"

"ಏನೇನೂ ಇಲ್ಲ."

ಅಜ್ಜ ನನ್ನ ಕೈಯಿಂದ ಬಿಲ್ಲು ಕಿತ್ತುಕೊಂಡರು.

"ಅದರ ಹಿಂದೆ ನನ್ನ ದನ ಮೇಯ್ತಾ ಉಂಟು. ಮೊದಲು ಅದು ಕಾಣಲಿ. ಆಮೇಲೆ ಬನ್ನಿ."

೩. ಹೆದೆಯೋ, ಹೆಡೆಯೋ

ಕಲಿಯುವವರಿಗೆಲ್ಲ ಆಗುವಂಥದ್ದೇ ನನಗೂ ಆಯಿತು. ಬಾಣ ಬಿಟ್ಟಾಗ ಹೆದೆ ಎಡಗೈಗೆ ಚಟೀರೆಂದು ಬಡಿಯಿತು. ಮೊಣಕೈಯ ಕೆಳಗೆ ಬದನೆಕಾಯಿಯಷ್ಟು ಊತ, ಬದನೆಕಾಯಿಯದ್ದೇ ಬಣ್ಣ. ಮನೆಗೆ ಫೋನ್ ಮಾಡಿದೆ: "ಹೆದೆ ಹೊಡೀತು ಕಣೇ. ಕೈ ನೀಲಿಯಾಗಿದೆ. ಸ್ವಲ್ಪ ಎಣ್ಣೆ ಬಿಸಿ ಮಾಡಿಡು."

ನಮ್ಮ ಬೆಟ್ಟದ ನೆಟ್‌ವರ್ಕಿನಲ್ಲಿ ಅವಳಿಗೆ ಕೇಳಿಸಿದ್ದು "ಹೆಡೆ ಹೊಡೀತು, ಕೈ ನೀಲಿ". ಅಷ್ಟಕ್ಕೇ ಫೋನ್ ಕಟ್.

ನಾನು ರಸ್ತೆಗೆ ಇಳಿಯುವುದರೊಳಗೆ ಜೀಪು ಬಂದು ನಿಂತಿತ್ತು. ದೇವಸ್ಥಾನ ಸಮಿತಿಯ ಅಧ್ಯಕ್ಷರು ಹಾರಿ ಇಳಿದು, ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕೈಗೆ ಟವೆಲ್ ಸುತ್ತಿದರು.

"ಹಾವಲ್ಲ ಸ್ವಾಮಿ, ಅದು..."

"ಮಾತಾಡ್ಬೇಡಿ ಭಟ್ರೇ! ವಿಷ ಏರುತ್ತೆ."

ದಾರಿಯುದ್ದಕ್ಕೂ ನಾನು ಬಾಯಿ ತೆರೆದಾಗಲೆಲ್ಲ ಅವರು ಅಂಗೈಯಿಂದ ಮುಚ್ಚಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಯಾವುದು ಕಚ್ಚಿದ್ದು? ನೋಡಿದ್ರಾ?"

ಕಡೆಗೂ ಬಾಯಿಗೆ ಬಿಡುಗಡೆ ಸಿಕ್ಕಿತ್ತು. "ನೋಡಿದೆ ಸರ್. ಬಿದಿರಿನ ಬಿಲ್ಲು."

ಅಧ್ಯಕ್ಷರು ತಲೆಮೇಲೆ ಕೈಹೊತ್ತು ಕುಸಿದರು: "ಆಗಲೇ ತಲೆಗೇರಿದೆ ಡಾಕ್ಟ್ರೇ!"

೪. ನಿಯಮ ಎಂದರೆ ನಿಯಮ

ಕೋವಿಗೆ ಪೂಜೆ ಮಾಡುವ ಹಬ್ಬ ಕೈಲ್ ಮುಹೂರ್ತದ ಸಮಯದಲ್ಲಿ ನಮ್ಮಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಈ ಸಲ ನಾನೂ ಹೆಸರು ಕೊಟ್ಟೆ. ತೀರ್ಪುಗಾರರು ನಿವೃತ್ತ ಸುಬೇದಾರರು. ಮೀಸೆಯೂ ನಿಯಮದ ಪ್ರಕಾರವೇ ನಿಲ್ಲುವ ಮನುಷ್ಯ. ನನ್ನನ್ನೂ ಬಿಲ್ಲನ್ನೂ ಒಮ್ಮೆ ನೋಡಿ, "ಸರಿ, ನಿಮಗೆ ಇಪ್ಪತ್ತು ಹೆಜ್ಜೆ ದೂರ. ಒಂದೇ ಬಾಣ. ಕಾಯಿ ಒಡೆದರೆ ಗೆದ್ದಿರಿ" ಎಂದರು.

ಊರೆಲ್ಲ ಸೇರಿತ್ತು. ಮುಂದಿನ ಸಾಲಿನಲ್ಲಿ ಅಜ್ಜಿಯಂದಿರು, ಅವರ ನಡುವೆ ನನ್ನ ಹೆಂಡತಿ, ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು. ಪಂಚೆ ಎತ್ತಿ ಕಟ್ಟಿ ಬಾಣ ಹೂಡಿದೆ. ಎಳೆದೆ. ಬಿಟ್ಟೆ.

ಬಾಣ ಕೊಕ್ಕೆಗೆ ನೇತುಹಾಕಿದ್ದ ಕಾಯಿಯ ಪಕ್ಕವನ್ನು ಸವರಿತು. ಕಾಯಿ ಗಿರಗಿರ ತಿರುಗಿ, ಕೊಕ್ಕೆಯಿಂದ ಜಾರಿ, ಹುಲ್ಲಿನ ಮೇಲೆ ದೊಪ್ಪೆಂದು ಬಿತ್ತು. ಜನ ಹೋ ಎಂದರು. ಸುಬೇದಾರರು ಕೈಯೆತ್ತಿದರು.

"ಬಿದ್ದರೆ ಸಾಲದು. ಒಡೀಬೇಕು. ನಿಯಮ ಎಂದರೆ ನಿಯಮ."

ಮೂರು ತಿಂಗಳ ಕಷ್ಟ, ಆಸ್ಪತ್ರೆ, ಅವಮಾನ, ಎಲ್ಲ ಒಟ್ಟಿಗೆ ನೆನಪಾಗಿ ಸಿಟ್ಟು ನೆತ್ತಿಗೇರಿತು. ಹೋಗಿ ಕಾಯಿ ಎತ್ತಿಕೊಂಡೆ. ಪಕ್ಕದಲ್ಲೇ ಒಂದು ಕಲ್ಲು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಮಾಡಿದ ಕೆಲಸ, ಕೈ ನನ್ನನ್ನು ಕೇಳಲಿಲ್ಲ. ಒಂದೇ ಏಟು. ಸರಿಯಾಗಿ ಎರಡು ಹೋಳು.

ಮುಂದಿನ ಸಾಲಿನ ಅಜ್ಜಿಯಂದಿರು ಚಪ್ಪಲಿ ಕಳಚಿ, ಕಣ್ಣುಮುಚ್ಚಿ ಕೈ ಮುಗಿದರು. ಹಿಂದೆ ಯಾರೋ ಗಲ್ಲ ಗಲ್ಲ ಬಡಿದುಕೊಂಡರು. ಸುಬೇದಾರರು ನೇರ ನನ್ನ ಕಡೆಗೇ ನಡೆದು ಬಂದರು. ಬೈಸಿಕೊಳ್ಳಲು ತಯಾರಾಗಿ ನಿಂತೆ.

ಅವರು ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿ, ಎಡಗೈ ಮೇಲೆ ಬಲಗೈ ಇಟ್ಟು ಮುಂದೆ ಚಾಚಿದರು.

"ಫಲಿತಾಂಶ ಆಮೇಲೆ ನೋಡುವ ಭಟ್ರೇ. ಮೊದಲು ಪ್ರಸಾದ ಕೊಡಿ."