ಸೈಟಿರೋ ಹುಡುಗ

ಕೆಲಸ ಮಾಡೋದು ಬಂಡೆಯೊಳಗೆ, ನಗೆಪಾಟಲಾಗೋದು ಮಾತ್ರ ಊರಿಗೆ ಬಂದಾಗ. ಕರಾವಳಿಯ ಒಂದು ಗುಡ್ಡದ ಅಡಿಯಲ್ಲಿ, ಕಚ್ಚಾತೈಲ ತುಂಬಿಡೋಕೆ ಅಂತ ಬಂಡೆ ಕೊರೆದು ಗುಹೆ ಮಾಡೋ ಎಂಜಿನಿಯರ್ ನಾನು. ರಜೆಗೆ ಬೆಂಗಳೂರಿನ ಚಂದ್ರಾ ಲೇಔಟಿಗೆ ಬಂದ್ರೆ ಸಾಕು, ಅಮ್ಮ ಹೆಣ್ಣು ನೋಡೋಕೆ ಹೊರಡಿಸೋರು. "ಮೂವತ್ನಾಲ್ಕಾಯ್ತು, ಇನ್ನೊಂದು ವರ್ಷ ಬಿಟ್ರೆ ಯಾರೂ ಹೆಣ್ಣು ಕೊಡಲ್ಲ ಕಣೋ" ಅನ್ನೋರು. ನಿಜ ಹೇಳ್ಬೇಕಂದ್ರೆ ನನಗೂ ಅದೇ ಭಯ.

ಗವಿ

ಮೊದಲನೇದು ರಾಜಾಜಿನಗರ. ಹುಡುಗಿಯ ಅಜ್ಜಿ ದಾವಣಗೆರೆ ಕಡೆಯವರು, ಹಣೆತುಂಬ ವಿಭೂತಿ. "ಹುಡುಗ ಏನ್ ಮಾಡ್ತಾನ?" ಅಂದ್ರು. ಅಮ್ಮ ಹೆಮ್ಮೆಯಿಂದ, "ಗುಹೆಯಲ್ಲಿರ್ತಾನೆ, ಎರಡು ತಿಂಗಳಿಗೊಂದ್ಸಲ ಈಚೆ ಬರ್ತಾನೆ" ಅಂದುಬಿಟ್ರು.

ಅಜ್ಜಿ ಎದ್ದು ಬಂದು ಕೈಮುಗಿದ್ರು. ತಟ್ಟೆಯಲ್ಲಿದ್ದ ಬಾಳೆಹಣ್ಣನ್ನ ನನ್ನ ಕಾಲ ಹತ್ರ ಇಟ್ರು. "ಗವಿಯಾಗ ಕುಂತವರನ್ನ ಸಂಸಾರಕ್ಕ ಎಳದ ಪಾಪ ನಮಗ ಬ್ಯಾಡವ್ವ" ಅಂತ ಕಳಿಸಿಕೊಟ್ರು. ಸಂಬಂಧ ಹೋಯ್ತು, ಬಾಳೆಹಣ್ಣನ್ನ ಮಾತ್ರ ಅಮ್ಮ ಬಿಡದೆ ಬ್ಯಾಗಿಗೆ ಹಾಕ್ಕೊಂಡ್ರು.

ಡಬ್

ನಮ್ಮ ಗುಹೆ ಕೆಲಸದಲ್ಲಿ ಒಬ್ಬರು ಹಳೇ ಮೇಸ್ತ್ರಿ ಇದ್ದಾರೆ. ಕಬ್ಬಿಣದ ಸಲಾಕೆಯಿಂದ ಬಂಡೆಗೆ ತಟ್ಟಿ ಸದ್ದು ಕೇಳ್ತಾರೆ. ಠಣ್ ಅಂದ್ರೆ ಗಟ್ಟಿ. ಡಬ್ ಅಂದ್ರೆ ಸಡಿಲ, ಓಡ್ಬೇಕು. ಒಂದಿನ ಡಬ್ ಅಂತು, ನನ್ನ ಕಾಲರ್ ಹಿಡಿದು ಎಳೆದ್ರು. ನಾನು ನಿಂತಿದ್ದ ಕಡೆ ಮಂಚದಷ್ಟು ಚಪ್ಪಡಿ ಬಿತ್ತು. ಇವತ್ತು ಇದನ್ನ ಹೇಳೋಕೆ ನಾನಿರೋದೇ ಆ ಪುಣ್ಯಾತ್ಮನಿಂದ, ದಿನಾ ನೆನೀತೀನಿ. ಅವತ್ತಿಂದ ಕಂಡಿದ್ದಕ್ಕೆಲ್ಲ ತಟ್ಟೋ ಚಟ ನನಗೂ ಅಂಟ್ಕೊಳ್ತು.

ಬಸವೇಶ್ವರನಗರದ ಹುಡುಗಿ ಮನೇಲಿ ಕಾಫಿ ಕುಡೀತಾ ಪಕ್ಕದ ಗೋಡೆಗೆ ತಟ್ಟಿದೆ. ಡಬ್. ಹುಡುಗಿಯ ಅಪ್ಪನ ಕಾಲರ್ ಹಿಡಿದು ದರದರ ಎಳ್ಕೊಂಡು ಗೇಟಿನ ಹತ್ರ ಬಂದು ನಿಂತೆ. ಅವರ ಶರಟಿನ ಮೇಲೆಲ್ಲ ಕಾಫಿ.

"ಅದು ಗೋಡೆ ಅಲ್ಲ ಕಣ್ರೀ, ಪ್ಲೈವುಡ್ ವಾರ್ಡ್‌ರೋಬು" ಅಂದ್ರು.

ಮಾರನೇ ದಿನ ಜಾತಕ ಕೂಡಿಬರಲಿಲ್ಲ ಅಂತ ಫೋನ್ ಬಂತು. ನಾವು ಜಾತಕ ಕೊಟ್ಟೇ ಇರಲಿಲ್ಲ.

ಸೈಟು

ಮೂರನೇದು ವಿಜಯನಗರ. ಹುಡುಗಿ ಹೈಸ್ಕೂಲ್ ಟೀಚರ್. ನೋಡಿದ ಕೂಡಲೇ ಇಷ್ಟವಾದಳು. ಇದೊಂದು ತಪ್ಪಿಹೋಗದೇ ಇರ್ಲಪ್ಪ ಅಂತ ಎರಡೂ ಕೈ ಜೇಬಲ್ಲಿಟ್ಕೊಂಡು ಕೂತೆ.

ಬ್ರೋಕರ್ ಅವಳಪ್ಪನಿಗೆ "ಹುಡುಗ ಸೈಟಲ್ಲಿರ್ತಾನೆ" ಅಂದಿದ್ದ. ಅವರ ಕಿವಿಗೆ ಬಿದ್ದಿದ್ದು "ಹುಡುಗನಿಗೆ ಸೈಟಿದೆ" ಅಂತ. ನನಗೇನು ಗೊತ್ತು?

"ಸೈಟು ಎಷ್ಟಿದೆ? ಥರ್ಟಿ ಫಾರ್ಟಿನಾ?" ಅಂದ್ರು.

"ಉದ್ದಾನೇ ಅರ್ಧ ಕಿಲೋಮೀಟರ್ ಇದೆ ಅಂಕಲ್."

ಅವರು ಸೋಫಾದಲ್ಲಿ ಮುಂದಕ್ಕೆ ಸರಿದ್ರು. "ಬೋರ್ ಹಾಕ್ಸಿದೀರಾ?"

ಗುಹೆಯ ಸುತ್ತ ಬಂಡೆಯಲ್ಲಿ ನೀರು ತುಂಬಿದ್ರೇನೇ ತೈಲ ಆಚೆ ಸೋರಲ್ಲ. ಅದಕ್ಕೇ ಅಂತ ನಾವು ಬೋರ್ ಕೊರೆದು ಬಂಡೆಗೆ ನೀರು ಬಿಡ್ತೀವಿ, ಅದು ಗುಹೆಯೊಳಕ್ಕೂ ಜಿನುಗುತ್ತೆ. "ನೂರಾರು ಹಾಕ್ಸಿದೀವಿ" ಅಂದೆ.

"ನೀರು ಬರುತ್ತಾ?"

"ಬರ್ತಾನೇ ಇರುತ್ತೆ, ನಿಲ್ಸೋಕೇ ಆಗಲ್ಲ. ಪಂಪ್ ಇಟ್ಟು ಆಚೆ ಚೆಲ್ತೀವಿ."

ಅವರು ಹೆಂಡತಿನ ಕರೆದು ನನಗೆ ಇನ್ನೊಂದು ಸಲ ಕೇಸರಿಬಾತ್ ಹಾಕಿಸಿದ್ರು. "ಖಾತೆ ನಿಮ್ಮ ಹೆಸರಲ್ಲೇ ಇದೆ ತಾನೇ?"

ಆಗ ನನಗೆ ಹೊಳೀತು. ಹೂಂ ಅಂದಿದ್ರೆ ಮದುವೆ ಗ್ಯಾರಂಟಿ. ಅವಳ ಮುಖ ನೋಡಿದೆ, ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. "ಇಲ್ಲ ಅಂಕಲ್. ಸೈಟು ಅಂದ್ರೆ ಕೆಲಸದ ಜಾಗ. ಎಣ್ಣೆ ತುಂಬೋ ಗುಹೆ, ಸರ್ಕಾರದ್ದು. ನನ್ನ ಹೆಸರಲ್ಲಿರೋದು ಒಂದು ಹೆಲ್ಮೆಟ್ ಅಷ್ಟೇ."

ಅಮ್ಮ ಸೆರಗು ಸರಿಮಾಡ್ಕೊಂಡು ಏಳೋಕೆ ಹೊರಟ್ರು. ಅಷ್ಟರಲ್ಲಿ ಅವಳು ಕಿಸಕ್ಕಂತ ನಕ್ಕಳು.

"ನೀರು ಚೆಲ್ತೀವಿ ಅಂದಾಗ್ಲೇ ನನಗೆ ಗೊತ್ತಾಯ್ತಪ್ಪ, ಇದು ಬೆಂಗಳೂರಿನ ಸೈಟಲ್ಲ ಅಂತ. ಇವರು ನನಗೆ ಒಪ್ಪಿಗೆ" ಅಂದಳು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಅವಳಪ್ಪ ಗಡ್ಡ ಕೆರ್ಕೊಂಡ್ರು. ಆಮೇಲೆ ನಿಧಾನಕ್ಕೆ ಕೇಳಿದ್ರು: "ಸೈಟಿಲ್ಲದಿದ್ರೆ ಹೋಗ್ಲಿ, ರಜೆಗೆ ಬರುವಾಗ ಒಂದು ಟ್ಯಾಂಕರ್ ನೀರಾದ್ರೂ ತರೋಕಾಗುತ್ತಾ ಅಳಿಯಂದ್ರೇ?"