ಮಾವನ ಬೂದಿ ಬಟ್ಟಲು

ನಮ್ಮ ಮಾವನ ಮನೆಯಲ್ಲಿ ಕಸ ಅನ್ನುವ ಪದಾರ್ಥವೇ ಇಲ್ಲ. ಎಲ್ಲಿ ಹೋಯಿತು ಅಂತೀರಾ? ನಿಮ್ಮ ಊಟದ ಬಟ್ಟಲಿಗೇ ಅಂಟಿಕೊಂಡಿದೆ, ಫಳಫಳ ಹೊಳೆಯುತ್ತಾ!

ಗಾಬರಿಯಾಗಬೇಡಿ, ವಿವರಿಸುತ್ತೇನೆ. ಡಾಟ್‌ಕಾಂ ಕಾಲ ಅದು. ಅಮ್ಮನ ತಮ್ಮನಾದ ಈ ಮಹಾಶಯ ಬೇ ಏರಿಯಾದ ಡಬ್ಲಿನ್‌ನಲ್ಲಿದ್ದ. ಅವನ ಮನೆಯಲ್ಲಿ ನಾನು ಬಾಡಿಗೆ ಕೊಡದ ಬಾಡಿಗೆದಾರ. ಪಾರ್ಟಿಗಳಲ್ಲಿ ಎಲ್ಲರೂ ಸ್ಟಾಕ್ ಆಪ್ಶನ್ನು ಅಂತ ಕನವರಿಸುತ್ತಿದ್ದರೆ ಮಾವ ಮಾತ್ರ, "ನಿಮ್ಮನೇಲಿ ತೆಂಗಿನ ಚಿಪ್ಪು ಏನ್ಮಾಡ್ತೀರಿ?" ಅಂತ ಕೇಳುತ್ತಿದ್ದ.

ಯಾಕೆಂದರೆ ಪ್ರತಿ ಶನಿವಾರ ಪಕ್ಕದೂರು ವಾಲ್ನಟ್ ಕ್ರೀಕ್‌ನಲ್ಲಿ ಜಪಾನಿ ಅಜ್ಜಿಯೊಬ್ಬರ ಬಳಿ ಅವನಿಗೆ ಬಟ್ಟಲು ಮಾಡುವ ಪಾಠ. ಚಿಪ್ಪು, ಬಾಳೆಹಣ್ಣಿನ ಸಿಪ್ಪೆ, ದಂಟಿನ ಕಡ್ಡಿ, ಸಿಕ್ಕಿದ್ದನ್ನೆಲ್ಲ ಸುಟ್ಟು, ಬೂದಿ ಜರಡಿ ಹಿಡಿದು, ಜೇಡಿಮಣ್ಣಿನ ನೀರಲ್ಲಿ ಕಲಸಿ ಬಟ್ಟಲಿಗೆ ಬಳಿಯುವುದು. ಕುಂಬಾರರ ಆವಿಗೆಯ ಬೆಂಕಿಯಲ್ಲಿ ಬೂದಿ ಕರಗಿ ಗಾಜಾಗುತ್ತದೆ. ಯಾವ ಬೂದಿಗೆ ಯಾವ ಬಣ್ಣ? ಆವಿಗೆ ತೆರೆಯುವ ತನಕ ದೇವರಿಗೂ ಗೊತ್ತಿಲ್ಲ!

ಅಜ್ಜಿ ಬಟ್ಟಲನ್ನು ಒಂದು ನಿಮಿಷ ತಿರುಗಿಸಿ ನೋಡಿ, "ಹೂಂ" ಅನ್ನುತ್ತಿದ್ದರು. ಅಷ್ಟೇ. ಮಾವನ ಅನುವಾದ: "ಅದ್ಭುತ ಅಂದ್ರು ಕಣೋ!" ನಾನು ಆ ಹೂಂ ಅನ್ನು ಕದ್ದು, ಏನೂ ಅರ್ಥವಾಗದ ಮೀಟಿಂಗುಗಳಲ್ಲಿ ಪ್ರಯೋಗಿಸಿದೆ. ಎರಡೇ ತಿಂಗಳಿಗೆ ಮ್ಯಾನೇಜರು, "ಬಹಳ ಆಳವಾದ ಹುಡುಗ" ಅಂದರು!

ಇಡೀ ಬೇ ಏರಿಯಾಗೆ ಬಟ್ಟಲು ಹಂಚಿದ ಮಾವನಿಗೆ ಇದ್ದ ಆಸೆ ಒಂದೇ: ಅತ್ತೆ ಅದರಲ್ಲಿ ಒಂದು ತುತ್ತು ಉಣ್ಣಬೇಕು. ಅತ್ತೆಯೋ ಸ್ಟೀಲಿನ ಪಕ್ಷ.

"ರೀ, ಮಣ್ಣಿನ ಪಾತ್ರೇಲಿ ಒಂದ್ಸಲ ಉಂಡ್ರೆ ಎಂಜಲು. ಬಿಸಾಡ್ಬೇಕು. ನಮ್ಮಮ್ಮ ಪಿಂಗಾಣೀನ ಅಡುಗೆಮನೆ ಹೊಸಲು ದಾಟಿಸ್ತಿರ್ಲಿಲ್ಲ."

"ಇದು ಮಣ್ಣಲ್ಲ ಕಣೇ, ಸುಟ್ಟ ಮೇಲೆ ಕಲ್ಲು!"

"ಕಲ್ಲಾದ್ರೆ ಹಿತ್ತಲಲ್ಲಿಡಿ."

ಒಮ್ಮೆ ಬೆರ್ರಿಯೆಸಾದಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶ. ಹೋಮ ಮುಗಿಯುತ್ತಲೇ ಮಾವ ಕುಂಡದ ಬೂದಿಯನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡ. ಪುರೋಹಿತರ ಕಣ್ಣಲ್ಲಿ ನೀರು. "ಈ ದೇಶದಲ್ಲೂ ಇಂಥ ಶ್ರದ್ಧೆ!" ಅಂತ ಎರಡು ತೆಂಗಿನಕಾಯಿ ಹೆಚ್ಚಿಗೆ ಕೊಟ್ಟರು.

ಆ ಬೂದಿಯ ಬಟ್ಟಲು ಹೊರಬಂತು ನೋಡಿ, ಎಳೆ ಮಾವಿನಕಾಯಿ ಬಣ್ಣ! ಮೊದಲ ಸಲ ಅತ್ತೆಯ ಕೈ ತಾನಾಗಿ ಮುಂದೆ ಬಂತು.

"ಎಷ್ಟು ಚೆನ್ನಾಗಿದೆಯಲ್ರೀ! ಏನು ಹಾಕಿದ್ರಿ?"

ಹೇಳಬಾರದಿತ್ತು. ಹೇಳಿಬಿಟ್ಟ.

"ಹೋಮದ ಬೂದೀನಾ! ಅದನ್ನ ಎಂಜಲು ಮಾಡೋದಾ?" ಬಟ್ಟಲು ಸೀದಾ ದೇವರ ಗೂಡಿಗೆ ಹೋಗಿ ಅಕ್ಷತೆ ತುಂಬಿಕೊಂಡಿತು. ಇಷ್ಟು ದಿನದ್ದೆಲ್ಲ ಮೈಲಿಗೆ, ಇದೊಂದು ವಿಪರೀತ ಮಡಿ! ಮಾವನ ಮುಖವನ್ನು ನಾನು ವಾರವಿಡೀ ನಕಲು ಮಾಡಿದೆ.

ಆ ಚಳಿಗಾಲ ಅತ್ತೆಯ ಕರಿಬೇವಿನ ಗಿಡ ಸತ್ತುಹೋಯಿತು. ಬೆರಳುದ್ದದ ಸಸಿಯಿಂದ ಆರು ವರ್ಷ ಸಾಕಿದ್ದಳು. ರಾತ್ರಿಯ ಕೊರೆವ ಚಳಿ ಶುರುವಾಗುವ ಮುನ್ನ ಕುಂಡವನ್ನು ಒಳಗಿಡುವ ಕೆಲಸ ಮಾವನದು. ಆವಿಗೆಯ ಗುಂಗಿನಲ್ಲಿ ಮರೆತಿದ್ದ. ಅತ್ತೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸುಮ್ಮನೆ ಸಾರಿಗೆ ಒಗ್ಗರಣೆ ಹಾಕುವುದನ್ನೇ ಬಿಟ್ಟಳು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಾವ ಅವಳ ಮುಂದೆ ಅಂಗೈಯಷ್ಟು ಬಟ್ಟಲು ಇಟ್ಟ. ಹೊಳಪಿಲ್ಲ, ಮಂಕು ಕಂದು, ಅಂಚಲ್ಲಿ ಒಂದು ಎಳೆ ಹಸಿರು.

"ಏನ್ರೀ ಇದು?"

"ನಿನ್ನ ಗಿಡ ಕಣೇ."

ಅತ್ತೆ ಬಹಳ ಹೊತ್ತು ಅಂಚನ್ನು ಹೆಬ್ಬೆರಳಲ್ಲಿ ಸವರಿದಳು. "ಇಷ್ಟೇನಾ ಆಗಿದ್ದು?"

"ಒಂದು ಬಟ್ಟಲಿಗೆ ಆಗೋಷ್ಟೇ ಬೂದಿ ಬಂತು."

ಅವಳು ಎದ್ದು ಹೋಗಿ ಅನ್ನ, ಮೊಸರು ತಂದಳು. ಆ ಬಟ್ಟಲಲ್ಲೇ ಕಲಸಿದಳು, ಅದರಲ್ಲೇ ಉಂಡಳು, ತಳದ ಅಗುಳನ್ನೂ ಬಿಡದೆ. ಆಮೇಲೆ ಬಟ್ಟಲನ್ನು ತಾನೇ ತೊಳೆದು, ಸೆರಗಲ್ಲಿ ಒರೆಸಿ, ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಸ್ಟೀಲಿನ ಲೋಟಗಳನ್ನು ಒಂಚೂರು ಆಚೆ ಸರಿಸಿ ಅದಕ್ಕೆ ಜಾಗ ಮಾಡಿದಳು.