ಮರಕ್ಕೆ ಒರಗಲೊಲ್ಲದ ಮೊಣಕಾಲುಗಳ ಸನ್ನಿಧಿಗೆ

ಸನ್ಮಾನ್ಯ ಎಡ ಮೊಣಕಾಲಿನವರಿಗೂ, ಅಷ್ಟೇ ಸನ್ಮಾನ್ಯ ಬಲ ಮೊಣಕಾಲಿನವರಿಗೂ (ಎಡದವರನ್ನು ಮೊದಲು ಕರೆದದ್ದು ಹಿರಿತನದಿಂದಲ್ಲ, ನೋವಿನಲ್ಲಿ ಸದಾ ಅವರದೇ ಮುಂದಾಳತ್ವವಾದ್ದರಿಂದ).

ಮಾನ್ಯರೇ,

ನಮ್ಮ ಕಿಕಪೂ ಕಣಿವೆಯ ಓಕ್ ಮರಗಳು ಎಲೆ ಕಳಚಿ ನಿಂತಿರುವ ಈ ನವೆಂಬರಿನಲ್ಲಿ ತಾವಿಬ್ಬರೂ ಚಿಪ್ಪು ಕೀಲುಗಳ ಸಮೇತ ಕ್ಷೇಮವಾಗಿದ್ದೀರೆಂದು ನಂಬಿ, ನಂಬಲು ಆಧಾರವೇನೂ ಇಲ್ಲದಿದ್ದರೂ ಪತ್ರದ ಮರ್ಯಾದೆಗಾಗಿ ನಂಬಿ, ತಮ್ಮ ಮೇಲೆಯೇ ಇದ್ದರೂ ಎಂದೆಂದಿಗೂ ತಮ್ಮ ಅಧೀನನಾದ ವೆಂಡೆಲ್ ಟ್ವೈಟನ್ ಎಂಬ ನಾನು ಈ ದೂರನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಇದನ್ನು ನಮ್ಮ ಬೇಟೆ ಗುಡಿಸಲಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದರಿಂದ, ಬಿಯರ್ ತೆಗೆಯಲು ಬರುವ ಯಾವ ಬೇಟೆಗಾರನೂ ಓದದೆ ಹಿಂತಿರುಗಲಾರನೆಂಬ ಅರ್ಥದಲ್ಲಿ ಇದು ಬಹಿರಂಗ ಪತ್ರವೂ ಹೌದು.

ತಮಗೆ ಗೊತ್ತಿರುವುದನ್ನೇ ಹೇಳುವುದಕ್ಕೆ ಕ್ಷಮೆಯಿರಲಿ. ನಾನು ಬಿಲ್ಲು ಹಿಡಿದು ಜಿಂಕೆ ಕಾಯುವುದು ಸ್ಯಾಡಲಿನಲ್ಲಿ, ಅಂದರೆ ಸೊಂಟಕ್ಕೆ ಜೋಳಿಗೆಯಂತೆ ಕಟ್ಟಿಕೊಳ್ಳುವ ಪಟ್ಟಿಯೊಂದರಲ್ಲಿ. ಅದರ ಹಗ್ಗವನ್ನು ಮರಕ್ಕೆ ಬಿಗಿದು, ತಟ್ಟೆಯಷ್ಟಗಲದ ಹಲಗೆಯ ಮೇಲೆ ಪಾದವೂರಿ, ಹಿಂದಕ್ಕೆ ತೂಗಿಕೊಂಡು, ಮುಂದೆ ತಮ್ಮಿಬ್ಬರನ್ನೂ ಕಾಂಡಕ್ಕೆ ಒತ್ತಿ ನಿಲ್ಲಬೇಕು. ಬಿಲ್ಲು, ಬಾಣ, ಗಾಳಿಯ ದಿಕ್ಕು ಇವುಗಳ ಬಗ್ಗೆ ಗಂಡಸರು ಗಂಟೆಗಟ್ಟಲೆ ಮಾತಾಡುತ್ತಾರೆ. ಆದರೆ ಮರದ ಮೇಲೆ ಉಳಿಯುವವನು ಯಾರು, ಇಳಿಯುವವನು ಯಾರು ಎಂದು ತೀರ್ಮಾನಿಸುವುದು ತೊಗಟೆಗೂ ಮೊಣಕಾಲಿಗೂ ನಡುವೆ ಇರುವ ಒಂದಿಷ್ಟು ಸ್ಪಂಜು. ಆ ಸ್ಪಂಜಿನ ಆಯ್ಕೆಯಲ್ಲಿ ತಾವು ತೋರಿದ ಸಹಕಾರದ ಬಗೆಗೇ ಈ ಪತ್ರ.

ಮೊದಲಿಗೆ ನನ್ನ ಭಾವಮೈದ ಆರ್ಡೆಲ್, ಮನೆಗಳಿಗೆ ನೆಲಹಾಸು ಹಾಕುವವನು, ತನ್ನ ಕಸುಬಿನ ಮೊಣಕಾಲು ಕವಚಗಳನ್ನು ಪ್ರೀತಿಯಿಂದ ಕೊಟ್ಟ. ಗಟ್ಟಿ ಪ್ಲಾಸ್ಟಿಕ್ಕಿನ ಅವುಗಳಲ್ಲಿ ತಾವು ಅರಮನೆಯಲ್ಲಿದ್ದಂತೆ ಇದ್ದಿರಿ, ನಿಜ. ಆದರೆ ನಾನು ಹತ್ತಿದ್ದು ತೊಗಟೆ ಸಿಬಿರೆದ್ದು ಜೋತಾಡುವ ಹಿಕರಿ ಮರ. ಒಂದಿಷ್ಟು ಅಲುಗಿದರೂ ಹಂದಿಯೊಂದು ತಗಡಿನ ಬಾಗಿಲು ಮೆಲ್ಲುತ್ತಿರುವಂಥ ಸದ್ದು. ಆ ವಾರ ನಾನು ಕಂಡ ಜಿಂಕೆಗಳೆಲ್ಲ ಬೆನ್ನು ಮಾಡಿಕೊಂಡೇ ಕಂಡವು. ಆಮೇಲೆ ಮಗಳು ಶಾಲೆಯಲ್ಲಿ ವಾಲಿಬಾಲ್ ಆಡುವಾಗ ಹಾಕುತ್ತಿದ್ದ ಮೆತ್ತನೆಯ ಜೋಡಿ. ಅವು ಸದ್ದಿಲ್ಲದವು, ಸಜ್ಜನಿಕೆಯವು, ಆದರೆ ನಾನು ಮರ ಹತ್ತುವಾಗ ಅವು ಇಳಿಯುತ್ತಿದ್ದವು. ನಾನು ಮೇಲೆ ಮುಟ್ಟುವಷ್ಟರಲ್ಲಿ ಅವು ಪಾದದ ಗಂಟನ್ನು ಮುಟ್ಟಿರುತ್ತಿದ್ದವು. ಮೂರನೆಯದಾಗಿ ಮೊಣಕಾಲಿನ ಹಿಂದೆ ಪಟ್ಟಿ ಬಿಗಿಯುವ ದಪ್ಪ ರಬ್ಬರಿನವು. ಜಾರಬಾರದೆಂದು ನಾನು ಪಟ್ಟಿಯನ್ನು ಬಿಗಿದೆ, ಇನ್ನೂ ಬಿಗಿದೆ. ತಾವು ಒಂದೇ ಒಂದು ಆಕ್ಷೇಪವೆತ್ತಲಿಲ್ಲ. ಎಂಥ ಸಹನೆ ಎಂದು ಬೆಳಗಿಡೀ ಮೆಚ್ಚಿಕೊಂಡೆ. ಇಳಿಯಲು ಕಾಲೆತ್ತಿದಾಗ ಗೊತ್ತಾಯಿತು, ಸಹನೆಯಲ್ಲ, ತಾವಿಬ್ಬರೂ ಕಾಲುಗಳ ಸಮೇತ ಕಚೇರಿ ಮುಚ್ಚಿಕೊಂಡು ಹೋಗಿದ್ದಿರಿ.

ಹೋದ ನವೆಂಬರಿನ ಆ ಮಧ್ಯಾಹ್ನವನ್ನು ಸಂಕ್ಷಿಪ್ತವಾಗಿ ಹೇಳುವೆ, ವಿಸ್ತಾರವಾಗಿ ಹೇಳಲು ಊರಿನಲ್ಲಿ ಬೇರೆಯವರಿದ್ದಾರೆ. ಸೊಂಟದ ಕೆಳಗೆ ಏನೂ ಇಲ್ಲದವನಂತೆ ನಾನು ತೂಗಾಡುತ್ತ ಕೂಗಿದೆ. ಕುದುರೆಗಾಡಿಯಲ್ಲಿ ಹೋಗುತ್ತಿದ್ದ ನಮ್ಮ ನೆರೆಯ ಎನೋಸ್, ಮೋಟಾರು ವಾಹನ ಇಟ್ಟುಕೊಳ್ಳದ ಆಮಿಶ್ ಪಂಥದ ರೈತ, ಕೇಳಿಸಿಕೊಂಡು ತನ್ನ ಕೊಟ್ಟಿಗೆಯ ಏಣಿ ತಂದ. ಆರ್ಡೆಲ್ ಕೂಡ ಬಂದ. ಏಣಿ ಹಿಡಿಯಲಿಲ್ಲ, ಚೀಸಿನ ತುಂಡು ಮೆಲ್ಲುತ್ತ ನಿಂತು, "ಅವಸರ ಮಾಡ್ಬೇಡ ಎನೋಸ್, ಹಣ್ಣಾದ್ಮೇಲೆ ತಾನೇ ಉದುರ್ತಾನೆ" ಎಂದ. ಎನೋಸ್ ನಗುವವನಲ್ಲ. ಅಂದು ಅವನು ಟೋಪಿಯನ್ನು ಮುಖದ ಮೇಲೆಳೆದುಕೊಂಡದ್ದು ಬಿಸಿಲಿಗಾಗಿ ಎಂದು ಇಂದಿಗೂ ನಂಬಿದ್ದೇನೆ.

ನನ್ನ ಹೆಂಡತಿ ಮಾರ್ಲಿಸ್ ಮಾತ್ರ ನಗಲಿಲ್ಲ. ಅಂದು ಸಂಜೆ ತಮ್ಮಿಬ್ಬರಿಗೂ ಬಿಸಿನೀರಿನ ಚೀಲವಿಡುತ್ತ ಹೇಳಿದಳು: "ಮರ ಹತ್ತೋದು ನಿನ್ನಿಷ್ಟ ವೆಂಡೆಲ್, ನಾನು ಬೇಡ ಅನ್ನಲ್ಲ. ಆದ್ರೆ ನಿನ್ ಕಾಲ್ ಮೇಲೆ ನೀನೇ ಇಳೀಬೇಕು. ಇನ್ನೊಂದ್ಸಲ ಏಣಿ ಬಂತೋ, ಅಲ್ಲಿಂದಾಚೆಗೆ ಆರ್ಡೆಲ್‌ನ ಪೆಟ್ಟಿಗೇಲಿ ಕೂತ್ಕೋ. ನಂಗೆ ಹಗ್ಗದಲ್ಲಿ ನೇತಾಡ್ತಿರೋ ಗಂಡ ಬೇಡ."

ಆರ್ಡೆಲ್‌ನ ಪೆಟ್ಟಿಗೆ ಎಂದರೆ ಹೊಲದ ಅಂಚಿನಲ್ಲಿ ನಾಲ್ಕು ಕಂಬಗಳ ಮೇಲೆ ನಿಂತಿರುವ ಮರದ ಕೋಣೆ. ಅದರಲ್ಲಿ ಹೀಟರ್ ಇದೆ, ಜಾರುವ ಕಿಟಕಿಯಿದೆ, ಸುತ್ತ ತಿರುಗುವ ಕುರ್ಚಿಯಿದೆ. ಆರ್ಡೆಲ್ ಒಳಗೆ ಗೊರಕೆ ಹೊಡೆಯುತ್ತಾನೆ, ಜಿಂಕೆಗಳು ಕಂಬಕ್ಕೆ ಬೆನ್ನುಜ್ಜಿಕೊಂಡು ಹೋಗುತ್ತವೆ. "ಬಾ ಭಾವ, ನಾಚ್ಕೋಬೇಡ, ಇನ್ನೊಂದು ಕುರ್ಚಿಗೆ ಜಾಗ ಇದೆ, ನಾನು ಅಳತೆ ತಗೊಂಡಾಯ್ತು" ಎಂದು ಅವನು ವರ್ಷವಿಡೀ ಕರೆಯುತ್ತಿದ್ದಾನೆ. ಪೆಟ್ಟಿಗೆಯಲ್ಲಿ ಕಷ್ಟವೇನೂ ಇಲ್ಲ, ಅದೇ ಭಯ. ನಮ್ಮ ಗುಡಿಸಲಿನ ಗಂಡಸರಲ್ಲಿ ಅಲ್ಲಿಗೆ ಹೋದ ಯಾರೂ ಮರಕ್ಕೆ ಹಿಂತಿರುಗಿದ್ದಿಲ್ಲ. ಮರದ ಮೇಲಾದರೆ ಗಾಳಿ ಬಂದಾಗ ಕಾಂಡ ತೂಗುತ್ತದೆ, ಅದರ ಜೊತೆ ನಾನೂ ತೂಗುತ್ತೇನೆ; ಪುಟ್ಟ ಹಕ್ಕಿಯೊಂದು ಬಿಲ್ಲಿನ ತುದಿಯಲ್ಲಿ ಕೂತು ನನ್ನನ್ನು ಕೊಂಬೆಯೆಂದೇ ತಿಳಿಯುತ್ತದೆ. ಕೊಂಬೆಯಾಗಿ ಇರುವ ಅವಕಾಶ ನನಗೆ ಭೂಮಿಯ ಮೇಲೆ ಬೇರೆಲ್ಲೂ ಸಿಕ್ಕಿಲ್ಲ. ಇಷ್ಟನ್ನು ತಮ್ಮ ಕೃಪೆಯಿಂದ ಉಳಿಸಿಕೊಳ್ಳಬೇಕೆಂಬುದಷ್ಟೇ ನನ್ನ ಆಸೆ.

ಆದ್ದರಿಂದ ಈ ವರ್ಷ ಹೊಸ ಜೋಡಿಗಳನ್ನು ಕಾಡಿಗೆ ಒಯ್ಯುವ ಮೊದಲು ಮನೆಯಲ್ಲೇ ಪರೀಕ್ಷಿಸುವುದೆಂದು ತೀರ್ಮಾನಿಸಿ, ನಡುಮನೆಯ ಸೋಫಾದ ಮುಂದೆ ಮೊಣಕಾಲೂರಿ, ಜುಮ್ಮೆನ್ನುವುದು ಯಾವಾಗ ಶುರುವಾಗುತ್ತದೆಂದು ತಿಳಿಯಲು ತಲೆ ತಗ್ಗಿಸಿ ಕಣ್ಣು ಮುಚ್ಚಿದ್ದೆ. ಆಗಲೇ ನಮ್ಮ ಲುಥೆರನ್ ಚರ್ಚಿನ ಪಾಸ್ಟರ್ ಗ್ರೆಚೆನ್, ಮಾರ್ಲಿಸ್‌ಳಿಂದ ಎರವಲು ಪಡೆದಿದ್ದ ಕಾವಲಿ ಹಿಂತಿರುಗಿಸಲು ಒಳಗೆ ಬಂದರು. ಅವರು ಕಾವಲಿಯನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಪಕ್ಕದಲ್ಲಿ ಮೊಣಕಾಲೂರಿದರು.

"ಪಾಸ್ಟರ್, ಇದು ಬರೀ ಸ್ಪಂಜು..." ಎಂದೆ.

"ಶ್! ಏನೂ ಹೇಳ್ಬೇಡಿ ವೆಂಡೆಲ್. ಇಷ್ಟು ವರ್ಷ ಆದ್ಮೇಲೆ ದೇವರ ಹತ್ರ ಬಂದ್ರಲ್ಲ, ಅಷ್ಟು ಸಾಕು" ಎಂದರು.

ಅವರ ಕಣ್ಣಲ್ಲಿ ನೀರಿತ್ತು. ಅಂಥ ಹೊತ್ತಿನಲ್ಲಿ ಎದ್ದು ಜಿಂಕೆಯ ವಿಷಯ ತೆಗೆಯುವಷ್ಟು ಕೆಟ್ಟವನು ನಾನಲ್ಲ. ಮುಂದಿನ ಭಾನುವಾರ ರೋಗಿಗಳಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ನನ್ನ ಹೆಸರು ಕೇಳಿಬಂತು. ಸೋಮವಾರದಿಂದ ಮನೆಗೆ ಹಾಟ್‌ಡಿಶ್‌ಗಳು ಬರತೊಡಗಿದವು, ನಮ್ಮ ಕಡೆ ಸಾವಿಗೂ ಆಪರೇಷನ್ನಿಗೂ ಒಯ್ಯುವ, ಮಾಂಸ ಆಲೂಗಡ್ಡೆಗಳ ಆ ಬಿಸಿ ತಟ್ಟೆಗಳು.

"ಎಲ್ರೂ ಕೇಳ್ತಿದಾರೆ, ಏನ್ ಕಾಯಿಲೆ ಅಂತ ಹೇಳ್ಲಿ?" ಎಂದಳು ಮಾರ್ಲಿಸ್.

"ಮೊಣಕಾಲು ಅನ್ನು."

"ಮೊಣಕಾಲಿಗೆ ಯಾರೂ ಹಾಟ್‌ಡಿಶ್ ತರಲ್ಲ. ತಿನ್ನು, ತಿಂದು ಸಪ್ಪಗಿರು."

ಮಾನ್ಯರೇ, ತಮ್ಮ ದೆಸೆಯಿಂದ ನಾನು ಒಂದು ವಾರ ಸಪ್ಪಗಿದ್ದು ಮೈತೂಕ ಹೆಚ್ಚಿಸಿಕೊಂಡೆ, ಆ ತೂಕವನ್ನು ಹೊರುವವರೂ ತಾವೇ. ಆದರೂ ಪಾಸ್ಟರ್ ಜೊತೆ ಸೋಫಾದ ಮುಂದೆ ನಡೆದ ಆ ದೀರ್ಘ ಪ್ರಾರ್ಥನೆ ವ್ಯರ್ಥವಾಗಲಿಲ್ಲ. ತಾವಿಬ್ಬರೂ ಒಂದೇ ವಸ್ತುವನ್ನು ಎಂದೂ ಒಪ್ಪುವವರಲ್ಲವೆಂಬ ಸತ್ಯ ಅಲ್ಲಿ ನನಗೆ ಹೊಳೆಯಿತು. ಎಡದವರಿಗೆ ಮೈಮೇಲೆ ಏನೂ ಕಟ್ಟಬಾರದು, ಎದುರಿಗೆ ದಿಂಬಿರಬೇಕು. ಬಲದವರಿಗೆ ದಿಂಬು ಅಸಹ್ಯ, ಬೆಚ್ಚಗೆ ತೆಳುವಾಗಿ ಸುತ್ತಿಕೊಂಡಿರಬೇಕು. ಅಂಗಡಿಯವರು ಮಾತ್ರ ಜೋಡಿಯಾಗಿಯೇ ಮಾರುತ್ತಾರೆ, ಅವರಿಗೆ ತಮ್ಮ ಪರಿಚಯವಿಲ್ಲ. ಹಾಗಾಗಿ ಮರದ ಎಡಭಾಗಕ್ಕೆ ಕಟ್ಟಲೊಂದು ದಿಂಬು ಹೊಂದಿಸಿ, ಬಲಗಾಲಿಗೆ ಉಣ್ಣೆ ಒಳಗಿರುವ ತೆಳು ಪಟ್ಟಿ ತೊಟ್ಟೆ. ಕನ್ನಡಿಯಲ್ಲಿ ನೋಡಿಕೊಂಡಾಗ ಅರ್ಧ ಗಾಯಗೊಂಡವನ ಹಾಗೆ ಕಂಡೆ. ತಾವು ಮೊದಲ ಬಾರಿಗೆ ಇಬ್ಬರೂ ಒಟ್ಟಿಗೆ ಸುಮ್ಮನಿದ್ದಿರಿ.

ಕಳೆದ ಶನಿವಾರ ಬೆಳಿಗ್ಗೆ ಓಕ್ ಮರ ಹತ್ತಿದೆ. ಊಟದ ಹೊತ್ತಿಗೆ ಮಾರ್ಲಿಸ್ ಬಂದು ನೋಡುವುದೆಂದು ಒಪ್ಪಂದವಾಗಿತ್ತು. ಎಂಥ ಸುಖ ಕೊಟ್ಟಿರಿ ಮಾನ್ಯರೇ! ಹೊತ್ತೇರಿದರೂ ಒಂದು ನೋವಿಲ್ಲ, ಒಂದು ಜುಮ್ಮಿಲ್ಲ. ಇದು ಹೋದ ವರ್ಷದ ಮೌನವೇ ಇರಬಹುದೇ ಎಂಬ ಅನುಮಾನ ಬಂದದ್ದು ಆಗ. ಬೆವರಿದೆ. ಪರೀಕ್ಷಿಸಲು ಬಲದವರನ್ನು ಒಂದಿಷ್ಟೇ ಮಡಚಿದೆ. ಅವರು ಕಟಕ್ ಎಂದರು. ಎಡದವರೂ ಬಿಡಲಿಲ್ಲ, ಕಟ ಕಟ ಎಂದು ಉತ್ತರ ಕೊಟ್ಟರು. ಈ ದಿನಗಳಲ್ಲಿ ಗಂಡುಜಿಂಕೆಗಳು ಕೊಂಬಿಗೆ ಕೊಂಬು ತಾಗಿಸಿ ಕಾದಾಡುತ್ತವೆಂದೂ, ಆ ಸದ್ದು ಕೇಳಿದರೆ ಮತ್ತೊಂದು ಗಂಡು ಓಡಿಬರುತ್ತದೆಂದೂ, ಅದಕ್ಕಾಗಿಯೇ ಬೇಟೆಗಾರರು ಕೊಂಬಿನ ಜೋಡಿ ಹೊತ್ತುಹೋಗಿ ಕುಟ್ಟುತ್ತಾರೆಂದೂ ತಮಗೆ ಗೊತ್ತು. ಕಣಿವೆಯ ಅತಿ ದೊಡ್ಡ ಗಂಡು ಪೊದೆ ಸೀಳಿಕೊಂಡು ಬಂದು, ಕುತ್ತಿಗೆ ಉಬ್ಬಿಸಿ, ನನ್ನ ಮರದ ಕೆಳಗೆ ನಿಂತು ತಮ್ಮನ್ನು ಹುಡುಕಿತು.

ಅದು ನಿಂತದ್ದು ಮರದ ಬಲಕ್ಕೆ. ಬಾಣ ಹೂಡಬೇಕಾದರೆ ತಮ್ಮನ್ನು ಸುಖದಿಂದ ಎಬ್ಬಿಸಿ ಕಾಂಡದ ಸುತ್ತ ತಿರುಗಬೇಕಿತ್ತು. ನಾನು ಎಬ್ಬಿಸಿದೆ. ತಾವು ಮತ್ತೊಮ್ಮೆ ಸವಾಲು ಹಾಕಿದಿರಿ, ಈ ಬಾರಿ ಅಷ್ಟು ಹತ್ತಿರದಿಂದ ಅಷ್ಟು ಭಯಂಕರವಾಗಿ ಎಂದರೆ ಆ ಮಹಾಗಂಡು ಬಾಲವೆತ್ತಿ ಓಡಿತು. ಶತ್ರು ತನಗಿಂತ ದೊಡ್ಡವನೆಂದು ಅದು ತಿಳಿದಿರಬೇಕು. ಜೀವಮಾನದಲ್ಲಿ ನನ್ನನ್ನು ಹಾಗೆ ತಿಳಿದದ್ದು ಅದೊಂದೇ.

ಅಷ್ಟರಲ್ಲಿ ಮಾರ್ಲಿಸ್ ಬಂದು ಟ್ರಕ್ಕಿನ ಪಕ್ಕ ಕೈಕಟ್ಟಿ ನಿಂತಳು. ಹಿಂದೆಯೇ ಆರ್ಡೆಲ್. "ಏಣಿ ಬೇಕಾ ಭಾವ?" ಎಂದು ಕೂಗಿದ. ಮಾರ್ಲಿಸ್, "ಬಾಯ್ಮುಚ್ಚು, ಅವನು ಇಳೀಲಿ" ಎಂದಳು. ನಾನು ಕಾಂಡಕ್ಕೆ ಬಿಗಿದಿದ್ದ ಮೆಟ್ಟಿಲುಗಳನ್ನು ಒಂದೊಂದೇ ಹುಡುಕುತ್ತ ಇಳಿದೆ. ತಾವು ನಡುಗಿದಿರಿ, ಗೊಣಗಿದಿರಿ, ಆದರೆ ಬಾಗಿದಿರಿ. ಪಾದ ಎಲೆಗಳ ಮೇಲೆ ಊರಿತು. ಆರ್ಡೆಲ್ ಟೋಪಿ ಎತ್ತಿದ. ಮಾರ್ಲಿಸ್ ನನ್ನ ಕಾಲುಗಳನ್ನು ನೋಡಿ, ಮುಖ ನೋಡಿ, "ಸರಿ, ಮರ ನಿಂದೇ" ಎಂದಳು.

ಆಗ ನಾನು ಗೆದ್ದವನ ಗತ್ತಿನಲ್ಲಿ ಟ್ರಕ್ ಹತ್ತಲು ಕಾಲೆತ್ತಿದೆ. ತಾವು ಏಳಲಿಲ್ಲ. ಬಲಗಾಲು, ಎಡಗಾಲು, ಮತ್ತೆ ಬಲಗಾಲು. ಅಷ್ಟೆತ್ತರದ ಓಕ್ ಮರದಿಂದ ನನ್ನನ್ನು ಇಳಿಸಿ ತಂದವರು ಟ್ರಕ್ಕಿನ ಒಂದು ಮೆಟ್ಟಿಲಿನ ಮುಂದೆ ಕೆಲಸ ನಿಲ್ಲಿಸಿದಿರಿ. ನಾನು ಬಾಗಿಲು ಹಿಡಿದು, ದೂರದ ಗುಡ್ಡವನ್ನು ಮೆಚ್ಚುತ್ತಿರುವವನಂತೆ ನಿಂತೆ. ಮಾರ್ಲಿಸ್ ಹಿಂದಿನಿಂದ ಬಂದು, ಆರ್ಡೆಲ್‌ಗೆ ಕಾಣದ ಹಾಗೆ ಅಡ್ಡ ನಿಂತು, ನನ್ನ ಹಿಂಭಾಗಕ್ಕೆ ಭುಜ ಕೊಟ್ಟು ಒಳಕ್ಕೆ ನೂಕಿದಳು.

"ಮಾತಾಗಿದ್ದು ಮರದ್ದು" ಎಂದಳು ಕಿವಿಯ ಹತ್ತಿರ. "ಟ್ರಕ್ಕಿಂದಲ್ಲ."

ಮುಂದಿನ ಋತುವಿನಲ್ಲಿ ತಾವು ಮುಷ್ಕರ ಹೂಡುವುದಾದರೆ ಮುಂಚಿತವಾಗಿ ತಿಳಿಸಬೇಕೆಂದೂ, ತಮ್ಮ ಸಂಧಿವಾತವನ್ನು ಜಿಂಕೆಗಳ ಭಾಷೆಯಲ್ಲಿ ಪ್ರಕಟಿಸಬಾರದೆಂದೂ, ಸಾಧ್ಯವಾದರೆ ವಯಸ್ಸಿನಲ್ಲಿ ನನಗಿಂತ ಮುಂದೆ ಹೋಗದೆ ಜೊತೆಗೇ ನಡೆಯಬೇಕೆಂದೂ ವಿನಂತಿಸುತ್ತೇನೆ.

ಎಲ್ಲ ಭಾರವನ್ನೂ ತಮ್ಮ ಮೇಲೆಯೇ ಹಾಕಿರುವ,
ತಮ್ಮ ವಿಶ್ವಾಸಿ,
ವೆಂಡೆಲ್ ಟ್ವೈಟನ್

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ಬಲ ಭುಜದವರಿಗೂ ಕಳುಹಿಸಿದ್ದೇನೆ. ಬಿಲ್ಲೆಳೆಯುವಾಗ ಅವರು ಇತ್ತೀಚೆಗೆ ತೋರುತ್ತಿರುವ ಅತಿಯಾದ ವಿನಯ ನನಗೆ ಸರಿಕಾಣುತ್ತಿಲ್ಲ. ತಾವೂ ಶುರುವಿನಲ್ಲಿ ಹೀಗೆಯೇ ಇದ್ದಿರಿ.